ಹೆಡ್ ಇಳಿಸಿದ ಮೇಲಿನ ಕೆಲಸ

ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಹೆಡ್ ಗ್ಯಾಸ್ಕೆಟ್ ಕೇಳಿದರೆ ತೂತು ತೂತಿನ ತೆಳು ಹಾಳೆಯೊಂದು ಕೈಗೆ ಬರುತ್ತದೆ. ಹಳೆಯ ಮೆಕ್ಯಾನಿಕ್‌ಗಳ ಬಾಯಲ್ಲಿ ಇದು ಇನ್ನೂ ‘ಪ್ಯಾಕಿಂಗ್’. ಎಂಜಿನ್ನಿನ ಬ್ಲಾಕಿಗೂ ಅದರ ಮೇಲಿನ ಹೆಡ್ಡಿಗೂ ನಡುವೆ ಕೂತು ಸಿಲಿಂಡರಿನ ಬೆಂಕಿ, ಆಯಿಲ್, ಕೂಲಂಟ್ ಒಂದಕ್ಕೊಂದು ಸೇರದಂತೆ ಕಾಯುವುದು ಅದರ ಕೆಲಸ. ಇಂದಿನ ಡೀಸೆಲ್ ಎಂಜಿನ್ನಿನಲ್ಲಿ ಅದು ತಡೆಯಬೇಕಾದ ಒತ್ತಡ 150 ಬಾರ್ ದಾಟುವುದುಂಟು. ಅದು ಸೋತರೆ ಸೈಲೆನ್ಸರಿನಲ್ಲಿ ಬಿಳಿ ಹೊಗೆ, ರೇಡಿಯೇಟರಿನಲ್ಲಿ ಗುಳ್ಳೆ, ಹಾಲು ಬೆರೆತ ಬಣ್ಣದ ಆಯಿಲ್. ಹೆಡ್ ಇಳಿಸದೆ ಗತಿಯಿಲ್ಲ.

ಗಿರಾಕಿಯ ಕಣ್ಣು ಹೊಸ ಗ್ಯಾಸ್ಕೆಟ್ಟಿನ ಕಂಪನಿ, ಬೆಲೆಯ ಮೇಲೆ. ಆದರೆ ಎಷ್ಟೇ ಒಳ್ಳೆಯ ಗ್ಯಾಸ್ಕೆಟ್ ತಂದರೂ ಅದು ಬಾಳುವುದು ಬ್ಲಾಕಿನ ಮೈ ಸಿದ್ಧಪಡಿಸಿದವನ ಕೈಗುಣದಿಂದ.

ತಿಳಿದವರು ಮೊದಲು ಸಿಲಿಂಡರ್, ಆಯಿಲ್ ದಾರಿ, ನೀರಿನ ದಾರಿ ಎಲ್ಲಕ್ಕೂ ಬಟ್ಟೆ ತುರುಕುತ್ತಾರೆ. ಅಂಟಿಕೊಂಡ ಹಳೆಯ ಗ್ಯಾಸ್ಕೆಟ್ಟಿಗೆ ರಿಮೂವರ್ ಹಚ್ಚಿ, ಮೆತ್ತಗಾಗುವವರೆಗೆ ಕಾದು, ಸ್ಕ್ರೇಪರನ್ನು ಮೈಗೆ ಒರಗಿಸಿಕೊಂಡು ಕೆರೆಯುತ್ತಾರೆ. ಬೀಡು ಕಬ್ಬಿಣದ ಬ್ಲಾಕ್ ಸ್ಟೀಲ್ ಅಲಗನ್ನು ತಾಳಿಕೊಳ್ಳುತ್ತದೆ; ಅಲ್ಯುಮಿನಿಯಂ ಆದರೆ ಪ್ಲಾಸ್ಟಿಕ್ಕಿನದೇ ಆಗಬೇಕು, ಒಂದು ಆಳವಾದ ಗೀರು ಸಾಕು ಆಯಿಲ್ ಜಿನುಗಲು. ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗರು ಮಾತ್ರ ತಳ ಹಿಡಿದ ಪಾತ್ರೆ ಉಜ್ಜುವಂತೆ ಎಮೆರಿ ಹಿಡಿದೋ ಗ್ರೈಂಡರಿಗೆ ಡಿಸ್ಕ್ ಸಿಕ್ಕಿಸಿಯೋ ಉಜ್ಜುತ್ತಾರೆ. ಮೈ ಕನ್ನಡಿಯಾಗುತ್ತದೆ, ಗಿರಾಕಿಗೂ ಖುಷಿ. ಡಿಸ್ಕ್ ಹೆಚ್ಚು ಹೊತ್ತು ನಿಂತಲ್ಲಿ ಲೋಹ ಸವೆದು ತಗ್ಗು ಬಿದ್ದದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ಡಿಸ್ಕಿನಿಂದ ಉದುರುವ ಅಲ್ಯುಮಿನಿಯಂ ಆಕ್ಸೈಡ್ ಪುಡಿ ಆಯಿಲ್ ಸೇರಿ ಬೇರಿಂಗುಗಳನ್ನೇ ತಿಂದುಹಾಕುತ್ತದೆ. ಇಂಥ ಡಿಸ್ಕುಗಳನ್ನು ಬಳಸಬೇಡಿ ಎಂದು ಜನರಲ್ ಮೋಟರ್ಸ್ ತನ್ನ ಡೀಲರುಗಳಿಗೆ ಸರ್ವೀಸ್ ಬುಲೆಟಿನ್ನನ್ನೇ ಹೊರಡಿಸಿತ್ತು.

ಹಿಂದೆ ಇಷ್ಟು ನಾಜೂಕು ಬೇಕಿರಲಿಲ್ಲ ಎನ್ನುವ ಹಿರಿಯರ ಮಾತಿನಲ್ಲಿ ಹುರುಳಿದೆ. ಅಂಬಾಸಡರಿನ 1489 ಸಿಸಿ ಪೆಟ್ರೋಲ್ ಎಂಜಿನ್ನಿಗೆ ಬ್ಲಾಕೂ ಕಬ್ಬಿಣ, ಹೆಡ್ಡೂ ಕಬ್ಬಿಣ. ಬಿಸಿಗೆ ಎರಡೂ ಒಂದೇ ಸಮನೆ ಹಿಗ್ಗುತ್ತಿದ್ದವು. ಪ್ರೀಮಿಯರ್ ಪದ್ಮಿನಿಯಲ್ಲಾದರೋ ಕಬ್ಬಿಣದ ಬ್ಲಾಕಿನ ಮೇಲೆ ಅಲ್ಯುಮಿನಿಯಂ ಹೆಡ್. ಅಲ್ಯುಮಿನಿಯಂ ಹಿಗ್ಗುವುದು ಕಬ್ಬಿಣದ ಸುಮಾರು ಎರಡರಷ್ಟು, ಹಾಗಾಗಿ ಪ್ರತಿ ಸಲ ಬಿಸಿಯೇರಿ ತಣಿಯುವಾಗಲೂ ನಡುವಿನ ಗ್ಯಾಸ್ಕೆಟ್ ಉಜ್ಜಾಟಕ್ಕೆ ಸಿಕ್ಕುತ್ತದೆ. ಆದರೂ ಆ ಕಾಲದ ಮೆತ್ತನೆಯ ಗ್ಯಾಸ್ಕೆಟ್ಟುಗಳು ಸಣ್ಣಪುಟ್ಟ ಉಬ್ಬುತಗ್ಗನ್ನು ನುಂಗಿಕೊಳ್ಳುತ್ತಿದ್ದವು. ಈಗಿನವು ಹಲವು ಪದರದ ಸ್ಟೀಲ್ ತಗಡುಗಳು, ಮೇಲೆ ರಬ್ಬರಿನ ತೆಳು ಲೇಪ. ಇವಕ್ಕೆ ಒಂದು ಮೈಕ್ರಾನಿನ ಆಸುಪಾಸಿನ ನಯ ಬೇಕು. (ಹಳೆಯ ಗಾಡಿಯ ಗ್ಯಾಸ್ಕೆಟ್ ಕೆರೆಯುವವರಿಗೆ ಒಂದು ಎಚ್ಚರಿಕೆ: ಅದರಲ್ಲಿ ಕಲ್ನಾರು ಇರಬಹುದು. ಒದ್ದೆ ಮಾಡಿಯೇ ಕೆರೆಯಿರಿ, ಪುಡಿಯನ್ನು ಏರ್ ಹೊಡೆದು ಹಾರಿಸಬೇಡಿ.)

ಸಪಾಟು ನೋಡುವುದಕ್ಕೆ ಕಣ್ಣು ಸಾಲದು. ಸ್ಟ್ರೈಟ್ ಎಡ್ಜ್ ಪಟ್ಟಿಯನ್ನು ಬ್ಲಾಕಿನ ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಇಟ್ಟು ಅಡಿಯಲ್ಲಿ ಫೀಲರ್ ಗೇಜ್ ತೂರಿಸಬೇಕು. ಸಣ್ಣ ಕಾರುಗಳ ಹಲವು ಮ್ಯಾನ್ಯುಯಲ್‌ಗಳು 0.05 ಮಿಲಿಮೀಟರಿನ ಆಸುಪಾಸಿಗೆ ಗೆರೆ ಎಳೆಯುತ್ತವೆ. ನಮ್ಮಲ್ಲಿ ಎಡವಟ್ಟಾಗುವುದು ಇಲ್ಲೇ. ಹೆಡ್ಡನ್ನು ಕಂಕುಳಲ್ಲಿ ಹೊತ್ತು ಲೇತ್ ಅಂಗಡಿಗೆ ಒಯ್ದು ಫೇಸಿಂಗ್ ಮಾಡಿಸಿಕೊಂಡು ಬರುವುದು ಸುಲಭ. ಬ್ಲಾಕಿಗೆ ಹಾಗೆ ಮಾಡಬೇಕೆಂದರೆ ಎಂಜಿನ್ನನ್ನೇ ಗಾಡಿಯಿಂದ ಇಳಿಸಿ ಪೂರ್ತಿ ಬಿಚ್ಚಬೇಕು. ಹೀಗಾಗಿ ಹೆಡ್ಡಿಗೆ ಉಪಚಾರ, ಬ್ಲಾಕಿಗೆ ಬನಿಯನ್ ವೇಸ್ಟಿನಿಂದ ಒಂದು ಒರೆಸು. ನೀರಿನ ತೂತಿನ ಸುತ್ತ ತುಕ್ಕು ತಿಂದ ಗುಳಿಗಳ ಮೇಲೆ ಒಂದಿಷ್ಟು ಸಿಲಿಕೋನ್ ಮೆತ್ತಿ ಮುಚ್ಚಿದ ಎಂಜಿನ್ ಮತ್ತೆ ಗ್ಯಾರೇಜಿನ ದಾರಿ ಹಿಡಿದರೆ, ದೂರು ಹೋಗುವುದು ಪಾಪದ ಗ್ಯಾಸ್ಕೆಟ್ಟಿನ ಮೇಲೆ.

ಬೋಲ್ಟಿನ ತೂತುಗಳೂ ಬ್ಲಾಕಿನ ಮೈಯೇ. ತಳ ಮುಚ್ಚಿದ ತೂತಿನಲ್ಲಿ ಆಯಿಲೋ ನೀರೋ ಉಳಿದಿದ್ದರೆ ಬೋಲ್ಟ್ ಇಳಿದಂತೆ ಅದು ಹೋಗಲು ಜಾಗವಿಲ್ಲದೆ ಒತ್ತುತ್ತದೆ. ಟಾರ್ಕ್ ವ್ರೆಂಚ್ ಸರಿಯಾದ ಲೆಕ್ಕ ತೋರಿಸಿದರೂ ಹೆಡ್ ಬಿಗಿಯಾಗಿರುವುದಿಲ್ಲ. ಬ್ಲಾಕ್ ಬಿರುಕು ಬಿಟ್ಟರೂ ಬಿಟ್ಟೀತು. ತೂತಿನ ಒಳಗಿನ ಥ್ರೆಡ್ ಶುಚಿ ಮಾಡಲು ಟ್ಯಾಪ್ ಹಾಕುವುದೂ ತಪ್ಪು, ಅದು ಲೋಹವನ್ನೇ ಕತ್ತರಿಸುತ್ತದೆ. ಅದಕ್ಕೆಂದೇ ಥ್ರೆಡ್ ಚೇಸರ್ ಇದೆ.

ಕೊನೆಗೆ ಎಳೆ ಬಿಡದ ಬಟ್ಟೆಗೆ ಬ್ರೇಕ್ ಕ್ಲೀನರ್ ಹಾಕಿ ಒರೆಸಿ, ಬೆರಳು ತಾಗಿಸದೆ ಗ್ಯಾಸ್ಕೆಟ್ ಇಡಬೇಕು. ಎಂಜಿನ್ ಮುಚ್ಚಿ ಸ್ಟಾರ್ಟ್ ಮಾಡುವ ಮೊದಲು ಹೊಸ ಆಯಿಲ್, ಹೊಸ ಫಿಲ್ಟರ್ ಹಾಕಿಸಿ. ಎಷ್ಟು ಬಟ್ಟೆ ತುರುಕಿದ್ದರೂ ಕೆರೆದ ಪುಡಿ ಸ್ವಲ್ಪವಾದರೂ ಒಳಗಿಳಿದೇ ಇರುತ್ತದೆ.