ಮೂರು ಟವೆಲ್, ಎರಡು ಗವಸು

ನಿಮ್ಮ ಮನೆಯ ದಿಂಬು ಹೇಗಿದೆ? ತಲೆಯ ಎಣ್ಣೆ ಹತ್ತಿದೆಯೇ? ಮಗು ಹಾಲು ಚೆಲ್ಲಿದೆಯೇ?

ದಿಂಬನ್ನು ದಿನಾ ಒಗೆಯಲು ಆಗುವುದಿಲ್ಲ. ಒಳಗಿನ ಹತ್ತಿ ನೆನೆದರೆ ಗಂಟು ಕಟ್ಟುತ್ತದೆ. ಬೇಗ ಒಣಗುವುದಿಲ್ಲ. ಮುಗ್ಗಲು ವಾಸನೆ ಬರುತ್ತದೆ. ಅದಕ್ಕೇ ದಿಂಬಿಗೆ ಗವಸು ಬೇಕು. ಗವಸನ್ನು ವಾರಕ್ಕೊಮ್ಮೆ ತೆಗೆದು ಒಗೆಯಬಹುದು.

“ಗವಸಿಗೆ ದುಡ್ಡು ಎಲ್ಲಿಂದ ತರೋದು?” ಅಂತೀರಾ? ಪೆಟ್ಟಿಗೆ ತೆಗೆದು ನೋಡಿ. ಮದುವೆ, ಗೃಹಪ್ರವೇಶದಲ್ಲಿ ಮುಯ್ಯಿ ಬಂದ ಟವೆಲ್ ಇರುತ್ತವೆ. ಅಡುಗೆಮನೆಯಲ್ಲಿ ಕೈ ಒರೆಸುವ, ರೊಟ್ಟಿ ಸುತ್ತಿಡುವ ಚೌಕಳಿ ಬಟ್ಟೆ ಇರುತ್ತದೆ. ಇವು ಹತ್ತಿ ಬಟ್ಟೆ. ಬೆವರು ಹೀರುತ್ತವೆ. ಗವಸಿಗೆ ಇವೇ ಒಳ್ಳೆಯವು.

ಬಟ್ಟೆಯನ್ನು ಬೆಳಕಿಗೆ ಹಿಡಿಯಿರಿ. ಆಚೆ ಕಡೆ ಕಂಡರೆ ಅದು ಸವೆದಿದೆ. ಅದನ್ನು ಮಸಿಬಟ್ಟೆಗೆ ಇಡಿ. ಗಟ್ಟಿ ಇರುವುದನ್ನು ಆರಿಸಿ.

ಮೊದಲು ಒಗೆಯಿರಿ

ಹತ್ತಿ ಬಟ್ಟೆ ನೀರಿಗೆ ಬಿದ್ದರೆ ಸ್ವಲ್ಪ ಕುಗ್ಗುತ್ತದೆ. ಆದ್ದರಿಂದ ಒಗೆದು, ಒಣಗಿಸಿ, ಆಮೇಲೆ ಅಳೆಯಬೇಕು.

ಅರಿಸಿನದ ಕಲೆಗೆ ಸೋಪು ಹಚ್ಚಿದರೆ ಅದು ಕೆಂಪಾಗುತ್ತದೆ. ಹೆದರಬೇಡಿ. ಆರತಿ ನೀರಿಗೆ ಅರಿಸಿನ, ಸುಣ್ಣ ಬೆರೆಸಿದಾಗ ಕೆಂಪಾಗುವುದಿಲ್ಲವೇ? ಇದೂ ಹಾಗೆಯೇ. ಸುಣ್ಣದಲ್ಲೂ ಸೋಪಿನಲ್ಲೂ ಕ್ಷಾರ ಇದೆ. ಚೆನ್ನಾಗಿ ಜಾಲಾಡಿಸಿ, ಬಿಸಿಲಿಗೆ ಹರವಿ. ಅರಿಸಿನದ ಬಣ್ಣ ಬಿಸಿಲಿಗೆ ಮಾಸುತ್ತದೆ.

ಟೇಪು ಓದಿ

ಟೇಪಿನ ಒಂದು ಬದಿಯಲ್ಲಿ ಇಂಚು ಇರುತ್ತದೆ. ಇನ್ನೊಂದು ಬದಿಯಲ್ಲಿ ಸೆಂಟಿಮೀಟರ್ ಇರುತ್ತದೆ. 16 ಇಂಚು ಎಂದರೆ ಸುಮಾರು 40 ಸೆಂಟಿಮೀಟರ್. ಎರಡನ್ನೂ ಬೆರೆಸಬೇಡಿ. ಇಂಚಿನಲ್ಲೇ ಅಳೆಯಿರಿ.

“ಬಟ್ಟೆ ಸಾಲದು, ಇನ್ನೊಂದು ತಗೊಂಡ್ ಬಾ” ಅಂತ ದರ್ಜಿ ಹೇಳಿದರೆ, ಮೊದಲು ನಾವು ಸುಮ್ಮನೆ ತಲೆ ಆಡಿಸುತ್ತಿದ್ದೆವು. ಈಗ ನಮಗೆ ಅಂಕಿ ಓದಲು ಬರುತ್ತದೆ. ಸಾಲುತ್ತದೋ ಇಲ್ಲವೋ ನಾವೇ ಹೇಳಬಹುದು.

ನಿಮ್ಮ ದಿಂಬು 16 ಇಂಚಿನ ಚೌಕ ಎನ್ನೋಣ. ಹೊಲಿಗೆಗೆ ಎರಡೂ ಕಡೆ ಅರ್ಧರ್ಧ ಇಂಚು ಬಿಡಬೇಕು. ಆಗ 17 ಇಂಚು ಆಯಿತು. ಒಂದು ಗವಸಿಗೆ ಬೇಕಾದದ್ದು ಇಷ್ಟು:

ಮುಂಭಾಗ: 17 ಇಂಚು ಉದ್ದ, 17 ಇಂಚು ಅಗಲ. ಒಂದು ತುಂಡು.
ಹಿಂಭಾಗ: 17 ಇಂಚು ಉದ್ದ, 10½ ಇಂಚು ಅಗಲ. ಎರಡು ತುಂಡು.

ಟವೆಲ್ 28 ಇಂಚು ಉದ್ದ, 18 ಇಂಚು ಅಗಲ ಇದೆ ಎನ್ನೋಣ. ಒಂದು ಟವೆಲಿನಲ್ಲಿ ಒಂದು ಮುಂಭಾಗ, ಒಂದು ಹಿಂಭಾಗ ಸಿಗುತ್ತದೆ. ಎರಡನೆಯದರಲ್ಲೂ ಅಷ್ಟೇ. ಮೂರನೆಯದರ ಎರಡು ತುದಿಯಿಂದ ಎರಡು ಹಿಂಭಾಗ ತೆಗೆಯಿರಿ. ಮೂರು ಟವೆಲಿಗೆ ಎರಡು ಗವಸು! ಉಳಿದ ತುಂಡು ಬಿಸಿ ಪಾತ್ರೆ ಹಿಡಿಯಲು ಆಯಿತು.

ಹಿಂಭಾಗವನ್ನು ಯಾವಾಗಲೂ ಟವೆಲಿನ ತುದಿಯಿಂದಲೇ ಕತ್ತರಿಸಿ. ಅಲ್ಲಿ ಅಂಚು ಮಡಿಸಿ ಹೊಲಿದಿರುತ್ತದೆ. ನಿಮ್ಮ ಕೆಲಸ ಉಳಿಯುತ್ತದೆ.

ಹೊಲಿಯುವ ಕ್ರಮ

1. ಮುಂಭಾಗವನ್ನು ನೆಲದ ಮೇಲೆ ಹಾಸಿ. ಚೆಂದದ ಮಗ್ಗುಲು ಮೇಲೆ ಇರಲಿ.
2. ಅದರ ಮೇಲೆ ಹಿಂಭಾಗದ ಎರಡು ತುಂಡು ಇಡಿ. ಅವುಗಳ ಚೆಂದದ ಮಗ್ಗುಲು ಕೆಳಗೆ ಇರಲಿ. ಹೊಲಿದ ಅಂಚು ನಡುವೆ ಬರಲಿ.
3. ನಡುವೆ ಒಂದರ ಮೇಲೊಂದು 4 ಇಂಚು ಕೂರುತ್ತದೆ. ಇದೇ ಗವಸಿನ ಬಾಯಿ. ಗುಂಡಿ ಬೇಡ, ಲಾಡಿ ಬೇಡ.
4. ಸುತ್ತ ನಾಲ್ಕೂ ಕಡೆ ಅರ್ಧ ಇಂಚು ಒಳಗೆ ಹೊಲಿಯಿರಿ. ಮಿಷನ್ ಇಲ್ಲದಿದ್ದರೆ ಕೈಹೊಲಿಗೆ ಸಾಕು. ಒಂದು ಹೆಜ್ಜೆ ಹಿಂದೆ, ಎರಡು ಹೆಜ್ಜೆ ಮುಂದೆ ಸೂಜಿ ಹಾಕಿ. ಈ ಹೊಲಿಗೆ ಗಟ್ಟಿ. ಬಾಯಿಯ ಎರಡೂ ತುದಿಯಲ್ಲಿ ಎರಡು ಸಲ ಹೊಲಿಯಿರಿ. ಎಳೆತ ಬೀಳುವುದು ಅಲ್ಲೇ.
5. ಬಾಯಿಯಿಂದ ಒಳಮಗ್ಗುಲನ್ನು ಹೊರಗೆ ತಿರುಗಿಸಿ. ದಿಂಬು ತುಂಬಿ.

ಚೆಂದ ಬೇಕೇ? ಉತ್ತರ ಕನ್ನಡದ ಸಿದ್ದಿ ಹೆಂಗಸರು ಹಳೆ ಬಟ್ಟೆಯಲ್ಲಿ ಕೌದಿ ಹೊಲಿಯುತ್ತಾರೆ. ಕೌದಿಯ ಮೂಲೆಗೆ ಮಡಿಸಿದ ಬಟ್ಟೆಯ ಹೂವು ಇಡುತ್ತಾರೆ. ನೀವೂ ಚೂರು ಬಟ್ಟೆ ಮಡಿಸಿ ಮೂಲೆಗೆ ಇಡಬಹುದು.

ಲೆಕ್ಕ ಮಾಡಿ ನೋಡಿ

ನಾಲ್ಕು ಗವಸಿಗೆ ಎಷ್ಟು ಟವೆಲ್ ಬೇಕು?
ದಿಂಬು 12 ಇಂಚು ಇದ್ದರೆ ಮುಂಭಾಗ ಎಷ್ಟು ಇಂಚು?

ಉತ್ತರವನ್ನು ನಿಮ್ಮ ಪುಸ್ತಕದಲ್ಲಿ ಬರೆಯಿರಿ. ಕತ್ತರಿ ಹಿಡಿಯುವ ಮೊದಲು ಪೆನ್ಸಿಲ್ ಹಿಡಿಯಿರಿ.