ಎಳ್ಳ ಅಮಾವಾಸ್ಯೆಯ ಹೊಲ ಮತ್ತು ಮನೆಯ ರೊಟ್ಟಿ



ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಒಕ್ಕಲು ಮನೆಗಳಲ್ಲಿ ಎಳ್ಳ ಅಮಾವಾಸ್ಯೆ ಹತ್ತಿರ ಬಂದಿತೆಂದರೆ ಒಲೆಗೆ ಬಿಡುವಿಲ್ಲ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಜೋಳದ ಖಡಕ್ ರೊಟ್ಟಿ, ಕಡುಬು, ಶೇಂಗಾ ಹೋಳಿಗೆ, ಹಿಂಡಿ, ಕಾಯಿಪಲ್ಯ ಮತ್ತು ಹಸಿ ಕಾಳು ಕೂಡಿಸಿ ಮಾಡಿದ ಭಜ್ಜಿ ಎಲ್ಲವೂ ಬುಟ್ಟಿ ಸೇರುತ್ತವೆ. ಅಮಾವಾಸ್ಯೆಯ ದಿನ ಮನೆಮಂದಿಯೆಲ್ಲ ಹೊಲಕ್ಕೆ ಹೊರಡುತ್ತಾರೆ. ಮೊದಲು ಎತ್ತಿನ ಬಂಡಿ ಕಟ್ಟುತ್ತಿದ್ದರು; ಈಗ ಹೆಚ್ಚಾಗಿ ಟ್ರ್ಯಾಕ್ಟರು. ಐದು ಕಲ್ಲುಗಳನ್ನು ಪಾಂಡವರೆಂದು ಇಟ್ಟು ಪೂಜಿಸಿ, ಪೈರಿನ ನಡುವೆ ಚರಗ ಚೆಲ್ಲಿ, ಗಿಡದ ನೆರಳಿನಲ್ಲಿ ಕುಳಿತು ಊಟ ಮಾಡುತ್ತಾರೆ.

ಈ ಹಬ್ಬಕ್ಕೂ ಬೇಸಾಯ ಶಾಸ್ತ್ರಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ಬಹಳ ಇದೆ. ರೊಟ್ಟಿ ಚೆನ್ನಾಗಿ ಆಗುವುದೋ ಇಲ್ಲವೋ ಎಂಬುದು ಅರ್ಧಕ್ಕಿಂತ ಹೆಚ್ಚು ಹೊಲದಲ್ಲಿಯೇ ತೀರ್ಮಾನವಾಗುತ್ತದೆ. ಬಿತ್ತುವವರು ಮತ್ತು ರೊಟ್ಟಿ ಬಡಿಯುವವರು ಒಟ್ಟಿಗೆ ಅದೇ ಹೊಲದಲ್ಲಿ ನಿಲ್ಲುವ ದಿನ ವರ್ಷದಲ್ಲಿ ಬಹುಶಃ ಇದೊಂದೇ. ಈ ದಿನವನ್ನು ಊಟದ ಜೊತೆಗೆ ಪೈರಿನ ಪರೀಕ್ಷೆಗೂ ಬಳಸಿಕೊಳ್ಳಬೇಕೆಂಬುದು ಈ ಲೇಖನದ ಆಶಯ.

ರೊಟ್ಟಿಯ ಗುಣ ಎಲ್ಲಿಂದ ಬರುತ್ತದೆ?

ಗೋದಿ ಹಿಟ್ಟಿನಲ್ಲಿ ನಾದಿದಾಗ ಎಳೆಯಂತೆ ಹಿಗ್ಗುವ ಅಂಟು ಪದಾರ್ಥವಿದೆ. ಜೋಳದಲ್ಲಿ ಅದಿಲ್ಲ. ಜೋಳದ ಹಿಟ್ಟನ್ನು ಹಿಡಿದಿಡುವುದು ಅದರ ಪಿಷ್ಟ. ಕುದಿಯುವ ಎಸರು ಬಿದ್ದಾಗ ಪಿಷ್ಟದ ಒಂದು ಭಾಗ ಬೆಂದು ಜಿಗಿ ಬರುತ್ತದೆ. ಆ ಜಿಗಿಯ ಬಲದಿಂದಲೇ ಹಿಟ್ಟು ಒಡೆಯದೆ ತೆಳ್ಳಗೆ ಬಡಿಯಲು ಬರುತ್ತದೆ, ಹಂಚಿನ ಮೇಲೆ ಉಬ್ಬುತ್ತದೆ. ಪಿಷ್ಟ ಕೆಟ್ಟಿದ್ದರೆ ಎಷ್ಟು ನಾದಿದರೂ ಅಂಚು ಸೀಳುತ್ತದೆ.

ಪಿಷ್ಟ ಕೆಡುವುದು ಮುಖ್ಯವಾಗಿ ತೆನೆಯ ಮೇಲೆ ಮಳೆ ಬಿದ್ದಾಗ. ಮುಂಗಾರಿ ಜೋಳ ಮಾಗುವ ಹೊತ್ತಿಗೆ ಮಳೆ ಹಿಡಿದರೆ ಕಾಳಿಗೆ ಬೂಷ್ಟು ಹತ್ತಿ ಕಪ್ಪಾಗುತ್ತದೆ. ಕೆಲವು ಕಾಳು ತೆನೆಯಲ್ಲಿಯೇ ಮೊಳಕೆಗೆ ತಿರುಗುತ್ತವೆ. ಮೊಳಕೆಗೆ ತಿರುಗಿದ ಕಾಳಿನಲ್ಲಿ ಪಿಷ್ಟ ಒಡೆದು ಸಕ್ಕರೆಯಾಗುವುದರಿಂದ ಹಿಟ್ಟಿನ ಜಿಗಿ ಹೋಗುತ್ತದೆ. ೧೯೬೪ರಲ್ಲಿ ಬಿಡುಗಡೆಯಾದ ಸಿ.ಎಸ್.ಎಚ್-೧ರಿಂದ ಮೊದಲ್ಗೊಂಡು ಮುಂಗಾರಿ ಸಂಕರಣ ಜೋಳಗಳು ಹೆಚ್ಚು ಇಳುವರಿ ಕೊಟ್ಟರೂ, ಮಳೆಗೆ ಸಿಕ್ಕಿದ ಕಾಳು ಮನೆಯ ರೊಟ್ಟಿಗೆ ಒಗ್ಗದಿರುವುದಕ್ಕೆ ಇದೇ ಕಾರಣ.

ಹಿಂಗಾರಿ ಜೋಳ ಒಣ ಹವೆಯಲ್ಲಿ, ಚಳಿ ಬಿಸಿಲಿನಲ್ಲಿ ಮಾಗುತ್ತದೆ. ಕಾಳು ದಪ್ಪ, ಬಿಳಿ, ಮುತ್ತಿನಂತೆ ಹೊಳಪು. ಇದರಲ್ಲಿ ಎಂ-೩೫-೧, ಅಂದರೆ ನೀವು ಮಾಲದಂಡಿ ಎಂದು ಕರೆಯುವ ತಳಿ, ರೊಟ್ಟಿಗೆ ಹೆಸರಾದುದು. ಅಫಜಲಪುರ, ಆಳಂದಗಳಿಗೆ ಹೊಂದಿಕೊಂಡಿರುವ ಸೊಲ್ಲಾಪುರ ಜಿಲ್ಲೆಯ ಮೋಹೋಳದಲ್ಲಿ ೧೯೩೦ರ ದಶಕದಲ್ಲಿ ನಾಟಿ ಮಾಲದಂಡಿಯಿಂದ ಇದನ್ನು ಆರಿಸಿ ತೆಗೆಯಲಾಯಿತು. ಅಂದರೆ ನಿಮ್ಮಂಥದೇ ಎರೆ ಭೂಮಿಯಲ್ಲಿ ಹುಟ್ಟಿದ ತಳಿ ಇದು.

ಸಜ್ಜೆ ಹಿಟ್ಟು ಮತ್ತು ಖಡಕ್ ರೊಟ್ಟಿ

ಸಜ್ಜೆಯ ಕಾಳಿನಲ್ಲಿ ನೂರಕ್ಕೆ ಸುಮಾರು ೫ ಭಾಗ ಕೊಬ್ಬು ಇದೆ. ಜೋಳದಲ್ಲಿ ಅದರ ಅರ್ಧದಷ್ಟು ಮಾತ್ರ. ಕಾಳು ಇಡಿಯಾಗಿರುವವರೆಗೆ ಈ ಕೊಬ್ಬಿಗೆ ತೊಂದರೆಯಿಲ್ಲ. ಬೀಸಿದ ಕೂಡಲೇ ಕೊಬ್ಬೂ ಅದನ್ನು ಒಡೆಯುವ ಕಿಣ್ವವೂ ಕೂಡುತ್ತವೆ. ಕೆಲವೇ ದಿನಗಳಲ್ಲಿ ಹಿಟ್ಟು ಕಹಿಯಾಗಿ ಕಮಟು ವಾಸನೆ ಬರುತ್ತದೆ. ಆದ್ದರಿಂದ ಹಬ್ಬದ ಸಜ್ಜೆಯನ್ನು ತಿಂಗಳ ಮೊದಲು ಬೀಸಿಡದೆ, ರೊಟ್ಟಿ ಬಡಿಯುವ ಒಂದೆರಡು ದಿನ ಮೊದಲು ಗಿರಣಿಗೆ ಒಯ್ಯಿರಿ. ಜೋಳದ ಹಿಟ್ಟನ್ನೂ ವಾರಕ್ಕಾಗುವಷ್ಟೇ ಬೀಸಿಸುವುದು ಒಳ್ಳೆಯದು.

ಖಡಕ್ ರೊಟ್ಟಿ ಬಹಳ ದಿನ ಬಾಳುವುದಕ್ಕೆ ಕಾರಣ ಅದರಲ್ಲಿ ನೀರಿನಂಶ ಉಳಿಯದಿರುವುದು. ನೀರಿಲ್ಲದ ಕಡೆ ಬೂಷ್ಟು ಬೆಳೆಯಲಾರದು. ಬಿಸಿ ರೊಟ್ಟಿಯನ್ನು ಒಂದರ ಮೇಲೊಂದು ಪೇರಿಸಿ ಮುಚ್ಚಿದರೆ ಉಗಿ ಒಳಗೇ ನಿಂತು ನಡುವಿನ ರೊಟ್ಟಿಗಳು ಮೆತ್ತಗಾಗಿ ಕೆಡುತ್ತವೆ. ಬೇಯಿಸಿದ ರೊಟ್ಟಿಯನ್ನು ಒಲೆಯ ಬಿಸಿಗೆ ನಿಲ್ಲಿಸಿ ಪೂರ್ಣ ಒಣಗಿಸಿ, ಆರಿದ ಮೇಲೆಯೇ ಬುಟ್ಟಿಗೆ ಹಾಕಬೇಕು. ಮುರಿದಾಗ ಬಾಗದೆ ಸಪ್ಪಳ ಮಾಡಿ ಮುರಿಯುವುದೇ ಸರಿಯಾದ ಗುರುತು.

ಮನೆಗೆ ಎಷ್ಟು ಜೋಳ ಬೇಕು?

ಇಷ್ಟೆಲ್ಲ ಇದ್ದರೂ ಜೋಳದ ಹೊಲ ಕಿರಿದಾಗುತ್ತಿದೆ. ಕಲಬುರಗಿ ತೊಗರಿಯ ಕಣಜ. ತೊಗರಿಗೆ ಪೇಟೆಯಿದೆ, ರೊಕ್ಕ ಕೈಗೆ ಬರುತ್ತದೆ. ಭೀಮಾ ದಂಡೆಯಲ್ಲಿ ನೀರಿದ್ದವರು ಕಬ್ಬು ಹಾಕುತ್ತಾರೆ. ಇದನ್ನು ತಪ್ಪೆನ್ನುವಂತಿಲ್ಲ. ಆದರೆ ಮುಂಗಾರಿನಲ್ಲಿ ಬಿತ್ತಿದ ತೊಗರಿ ಡಿಸೆಂಬರ್, ಜನವರಿಯವರೆಗೆ ಹೊಲ ಬಿಡುವುದಿಲ್ಲ. ಆ ಹೊಲದಲ್ಲಿ ಹಿಂಗಾರಿ ಜೋಳಕ್ಕೆ ಜಾಗವಿಲ್ಲ. ಕಾಳು ಹೋದರೆ ಕಣಿಕೆಯೂ ಹೋಗುತ್ತದೆ, ಕಣಿಕೆ ಹೋದರೆ ದನ ಸಾಕುವುದು ಕಷ್ಟವಾಗುತ್ತದೆ. ಕೊನೆಗೆ ಒಕ್ಕಲಿಗನೇ ಪೇಟೆಯಲ್ಲಿ ಜೋಳ ಕೊಳ್ಳುವ ಪಾಳಿ ಬರುತ್ತದೆ.

ಒಂದು ಸರಳ ಲೆಕ್ಕ ಹಾಕಿ ನೋಡಿ. ಆರು ಜನರ ಮನೆಯಲ್ಲಿ ದಿನಕ್ಕೆ ೨ ಕಿಲೋ ಹಿಟ್ಟು ಖರ್ಚಾದರೆ ವರ್ಷಕ್ಕೆ ೭೩೦ ಕಿಲೋ, ಅಂದರೆ ಏಳು ಕ್ವಿಂಟಲಿಗೆ ಮೇಲೆ. ಮಳೆಯಾಶ್ರಯದಲ್ಲಿ ಎಕರೆಗೆ ೪ ಕ್ವಿಂಟಲ್ ಎಂದು ಹಿಡಿದರೂ ಎರಡು ಎಕರೆ ಸಾಕು. ಬೀಜಕ್ಕೆ, ಬಂದ ಬೀಗರಿಗೆ ಸ್ವಲ್ಪ ಉಳಿಯುತ್ತದೆ. ನಿಮ್ಮ ಮನೆಯ ಖರ್ಚು, ನಿಮ್ಮ ಹೊಲದ ಇಳುವರಿ ಹಾಕಿ ಈ ಲೆಕ್ಕವನ್ನು ನೀವೇ ಮಾಡಿ. ಮುಂಗಾರಿನಲ್ಲಿ ಹೆಸರು ತೆಗೆದುಕೊಂಡ ಆಳವಾದ ಎರೆಹೊಲವಿದ್ದರೆ ಅದರಲ್ಲಿ ಹಿಂಗಾರಿ ಜೋಳ ಬರುತ್ತದೆ. ಹೆಸರಿನ ಹಣವೂ ಸಿಗುತ್ತದೆ. ಉಳಿದ ಹೊಲದಲ್ಲಿ ತೊಗರಿ ಇರಲಿ.

ಹಬ್ಬದ ದಿನ ಪೈರು ಯಾವ ಹಂತದಲ್ಲಿರುತ್ತದೆ?

ಅಮಾವಾಸ್ಯೆ ಪ್ರತಿ ವರ್ಷ ಒಂದೇ ತಾರೀಖಿಗೆ ಬರುವುದಿಲ್ಲ. ಎಳ್ಳ ಅಮಾವಾಸ್ಯೆ ೨೦೨೪ರಲ್ಲಿ ಜನವರಿ ೧೧ಕ್ಕೆ ಬಂತು, ಮತ್ತೆ ಅದೇ ವರ್ಷ ಡಿಸೆಂಬರ್ ೩೦ಕ್ಕೆ ಬಂತು. ೨೦೨೫ರಲ್ಲಿ ಡಿಸೆಂಬರ್ ೧೯ಕ್ಕೆ. ಅಕ್ಟೋಬರ್ ೧ಕ್ಕೆ ಬಿತ್ತಿದ ಜೋಳಕ್ಕೆ ಡಿಸೆಂಬರ್ ೧೯ರಂದು ೭೯ ದಿನ, ಡಿಸೆಂಬರ್ ೩೦ರಂದು ೯೦ ದಿನ, ಜನವರಿ ೧೧ರಂದು ೧೦೨ ದಿನ ಆಗಿರುತ್ತದೆ. ಮಾಲದಂಡಿ ೭೦ರಿಂದ ೭೫ ದಿನಕ್ಕೆ ಹೂವಾಡಿ, ೧೧೫ರಿಂದ ೧೨೦ ದಿನಕ್ಕೆ ಮಾಗುತ್ತದೆ. ಹಾಗಾಗಿ ಹಬ್ಬ ಬೇಗ ಬಂದ ವರ್ಷ ಕಾಳು ಈಗಷ್ಟೇ ಕಟ್ಟುತ್ತಿರುತ್ತದೆ. ತಡವಾಗಿ ಬಂದ ವರ್ಷ ಹಾಲು ಹೋಗಿ ಹಿಟ್ಟು ಗಟ್ಟಿಯಾಗುತ್ತಿರುತ್ತದೆ. ಇವೆರಡರ ನಡುವೆ, ಹಾಲು ಹಿಟ್ಟಾಗುವ ಹೊತ್ತಿನಲ್ಲಿ, ಕುಳ್ಳಿನ ಕೆಂಡದಲ್ಲಿ ಸುಟ್ಟ ಸೀತನಿ ರುಚಿಯಾಗಿರುತ್ತದೆ. ನಿಮ್ಮ ಬಿತ್ತನೆಯ ದಿನವನ್ನು ಬರೆದಿಟ್ಟುಕೊಂಡರೆ ಹಬ್ಬಕ್ಕೆ ಹೋದಾಗ ಏನು ನೋಡಬೇಕೆಂಬುದು ಮೊದಲೇ ತಿಳಿಯುತ್ತದೆ.

ಚರಗದ ದಿನ ನೋಡಬೇಕಾದ ಐದು ಅಂಶಗಳು

೧. ಬದುವಿನಲ್ಲಿ ನಿಂತು ನೋಡಬೇಡಿ. ಚರಗ ಚೆಲ್ಲುತ್ತ ಹೊಲದ ಒಳಗೆ ನಡೆಯುವಾಗ ಐದು ಕಡೆ ನಿಂತು, ಪ್ರತಿ ಕಡೆ ೨೦ ಗಿಡ ಎಣಿಸಿ. ಎಷ್ಟಕ್ಕೆ ಒಳ್ಳೆಯ ತೆನೆ ಬಂದಿದೆ ಎಂದು ಗುರುತು ಹಾಕಿಕೊಳ್ಳಿ. ಒಟ್ಟು ನೂರು ಗಿಡವಾಗುವುದರಿಂದ ಶೇಕಡಾ ಲೆಕ್ಕ ತಾನಾಗಿಯೇ ಸಿಗುತ್ತದೆ.

೨. ಗೇಣುದ್ದ ಮಣ್ಣು ಅಗೆದು ತೇವ ನೋಡಿ. ಬಿರುಕು ಬಿಟ್ಟ ಹೊಲದಲ್ಲಿ ತೇವ ಬೇಗ ಆರುತ್ತದೆ. ಪೈರು ಚಿಕ್ಕದಿದ್ದಾಗ ಎಡೆಕುಂಟೆ ಹೊಡೆದು ಬಿರುಕು ಮುಚ್ಚಿದ ಹೊಲಕ್ಕೂ ಹಾಗೇ ಬಿಟ್ಟ ಹೊಲಕ್ಕೂ ಈಗ ಅಂತರ ಕಾಣುತ್ತದೆ. ಒಂದೇ ನೀರು ಕೊಡುವ ಅನುಕೂಲವಿದ್ದರೆ ತೆನೆ ಹೊರಡುವುದರಿಂದ ಹೂವಾಡುವವರೆಗಿನ ಅವಧಿಯಲ್ಲಿ ಕೊಡಬೇಕು.

೩. ಎಲೆಯ ಕೆಳಭಾಗ ನೋಡಿ. ಹೇನು ಇದ್ದರೆ ಎಲೆಯ ಮೇಲೆ ಎಣ್ಣೆ ಸವರಿದಂತೆ ಜಿಗುಟು ಹೊಳೆಯುತ್ತದೆ. ಜೊತೆಗೆ ಗುಲಗಂಜಿ ಹುಳುಗಳು ಧಾರಾಳವಾಗಿದ್ದರೆ ಔಷಧ ಹೊಡೆಯಲು ಅವಸರ ಬೇಡ. ಅವು ಹೇನನ್ನು ತಿನ್ನುತ್ತವೆ.

೪. ಬಿದ್ದ ಗಿಡದ ಬುಡ ಸೀಳಿ ನೋಡಿ. ಒಳಗೆ ಇದ್ದಿಲಿನಂತೆ ಕಪ್ಪಾಗಿದ್ದರೆ ಅದು ಇದ್ದಿಲು ಕೊಳೆ ರೋಗ. ಕಾಳು ತುಂಬುವಾಗ ತೇವ ಸಾಲದೆ ಬರುವ ರೋಗವಿದು. ಈಗ ಔಷಧವಿಲ್ಲ, ಬಲಿತ ಕೂಡಲೇ ಕೊಯ್ಯಿರಿ. ಮುಂದಿನ ವರ್ಷ ಬೆಳೆ ಬದಲಿಸಿ, ಜೋಳವನ್ನು ಒತ್ತಾಗಿ ಬಿತ್ತಬೇಡಿ. ಎಕರೆಗೆ ೩ ಕಿಲೋ ಬೀಜ, ಸಾಲಿನಿಂದ ಸಾಲಿಗೆ ೪೫ ಸೆಂಟಿಮೀಟರ್ ಸಾಕು.

೫. ಕಾಳಿನ ಬದಲು ಕಪ್ಪು ಪುಡಿ ತುಂಬಿದ ಕಾಡಿಗೆ ರೋಗದ ತೆನೆ ಕಂಡರೆ ಚೀಲದೊಳಗೆ ಕತ್ತರಿಸಿ ತೆಗೆದು ಸುಡಿ. ರಾಶಿಯಲ್ಲಿ ಅದು ಸೇರಿದರೆ ಬಿಳಿ ಕಾಳೆಲ್ಲ ಮಸಿಯಾಗುತ್ತದೆ, ಬೀಜಕ್ಕೂ ಅಂಟುತ್ತದೆ. ಮುಂದಿನ ಬಿತ್ತನೆಗೆ ಕಿಲೋ ಬೀಜಕ್ಕೆ ೪ ಗ್ರಾಂ ಗಂಧಕದ ಪುಡಿ ಲೇಪಿಸಿ.

ಇದೇ ದಿನ ಬೀಜದ ಗಿಡಗಳನ್ನೂ ಗುರುತಿಸಬಹುದು. ಮಾಲದಂಡಿ ಸಂಕರಣವಲ್ಲ, ಆದ್ದರಿಂದ ಮನೆಯ ಬೀಜ ಇಡಲು ಬರುತ್ತದೆ. ಹೊಲದ ನಡುವಿನಿಂದ, ರೋಗವಿಲ್ಲದ, ನೇರವಾಗಿ ನಿಂತ, ತುಂಬಿದ ತೆನೆಯ ಸುಮಾರು ೨೦೦ ಗಿಡಗಳಿಗೆ ಬಣ್ಣದ ದಾರ ಕಟ್ಟಿ. ತೆನೆಗೆ ೩೦ ಗ್ರಾಂ ಕಾಳು ಸಿಕ್ಕರೂ ಎರಡು ಎಕರೆಯ ಬೀಜವಾಗುತ್ತದೆ. ಕೊಯ್ಲಿನಲ್ಲಿ ಇವನ್ನು ಬೇರೆ ಕೊಯ್ದು, ಮಬ್ಬು ಬಣ್ಣದ ಕಾಳಿನ ತೆನೆಗಳನ್ನು ಕೈಬಿಡಿ. ಈ ಆಯ್ಕೆಯನ್ನು ಮನೆಯ ತಾಯಂದಿರಿಗೆ ಬಿಡುವುದು ಉತ್ತಮ. ಯಾವ ಕಾಳಿನ ಹಿಟ್ಟು ಹೇಗೆ ಬಡಿಯಲು ಬರುತ್ತದೆಂಬುದು ಅವರ ಕೈಗೆ ಗೊತ್ತು.

ಮಕ್ಕಳು ಮತ್ತು ದನಗಳ ಬಗ್ಗೆ ಎಚ್ಚರ

ಹಬ್ಬದ ದಿನ ಮಕ್ಕಳು ಹಸಿ ಕಡಲೆ, ತೊಗರಿ ಕಾಯಿ ಹರಿದು ತಿನ್ನುವುದು ಸಹಜ. ಕಾಯಿಕೊರಕದ ಕಾಟಕ್ಕೆ ತೊಗರಿಗೆ ಈ ದಿನಗಳಲ್ಲಿ ಔಷಧ ಹೊಡೆದಿರುತ್ತಾರೆ. ಸಿಂಪಡಿಸಿದ ಮೇಲೆ ಎಷ್ಟು ದಿನ ಕಾಯಬೇಕೆಂಬುದು ಡಬ್ಬಿಯ ಚೀಟಿಯ ಮೇಲೆ ಇರುತ್ತದೆ. ಆ ಅವಧಿ ಮುಗಿಯದ ಹೊಲದಿಂದ ಒಂದು ಕಾಯಿಯೂ ಮಕ್ಕಳ ಬಾಯಿಗೆ ಹೋಗಬಾರದು, ಭಜ್ಜಿಗೂ ಹಾಕಬಾರದು. ಹಬ್ಬಕ್ಕೆಂದು ನಾಲ್ಕು ಸಾಲು ಔಷಧ ಹೊಡೆಯದೆ ಬಿಡುವುದು ಎಲ್ಲಕ್ಕಿಂತ ಸುಲಭ, ಆದರೆ ಪಕ್ಕದ ಸಾಲಿನ ಔಷಧ ಗಾಳಿಗೆ ಬಂದು ಬೀಳದಂತೆ ಅವು ದೂರದಲ್ಲಿರಲಿ. ಪಕ್ಕದವರ ಹೊಲದಲ್ಲಿ ಹರಿಯುವ ಮೊದಲು ಅವರನ್ನು ಕೇಳಿ. ಔಷಧದ ಖಾಲಿ ಡಬ್ಬಿಯಲ್ಲಿ ನೀರನ್ನಾಗಲಿ ಅಂಬಲಿಯನ್ನಾಗಲಿ ಎಂದೂ ಒಯ್ಯಬೇಡಿ.

ಎತ್ತು ಕಟ್ಟಿಕೊಂಡು ಹೋಗುವವರು ಇನ್ನೊಂದು ಮಾತು ನೆನಪಿಡಬೇಕು. ಎಳೆಯ ಜೋಳ, ಬಿಸಿಲಿಗೆ ಬಾಡಿ ಕುಗ್ಗಿದ ಜೋಳ, ಕೊಯ್ದ ಮೇಲೆ ಬಂದ ಕೂಳೆ ಚಿಗುರು, ಇವುಗಳಲ್ಲಿ ಹೈಡ್ರೋಸಯನಿಕ್ ಆಮ್ಲವೆಂಬ ವಿಷ ಹುಟ್ಟುವ ಪದಾರ್ಥ ಹೆಚ್ಚು ಇರುತ್ತದೆ. ಹಸಿದ ಎತ್ತು ಇದನ್ನು ಮೇದರೆ ಸ್ವಲ್ಪ ಹೊತ್ತಿನಲ್ಲಿಯೇ ಉಸಿರು ಕಟ್ಟಿ ಬಿದ್ದು ಸಾಯಬಹುದು. ಎತ್ತಿಗೆ ಕಣಿಕೆಯ ಹೊರೆ ಮನೆಯಿಂದಲೇ ಒಯ್ಯಿರಿ. ಲಕ್ಷಣ ಕಂಡರೆ ತಡಮಾಡದೆ ಪಶುವೈದ್ಯರನ್ನು ಕರೆಸಿ.

ರಾಶಿಯ ನಂತರ

ಕಾಳನ್ನು ಕಣದಲ್ಲಿ ಚೆನ್ನಾಗಿ ಒಣಗಿಸಿ. ತೇವ ಶೇಕಡಾ ೧೨ ಮೀರಬಾರದು. ಹಲ್ಲಿನಲ್ಲಿ ಕಡಿದಾಗ ಕಟ್ಟೆಂದು ಒಡೆಯಬೇಕು, ಚಪ್ಪಟೆಯಾಗಬಾರದು. ಹಿಂದೆ ಹಗೇವಿನಲ್ಲಿ ಇಟ್ಟ ಜೋಳ ವರ್ಷಗಟ್ಟಲೆ ಉಳಿಯುತ್ತಿತ್ತು, ಆದರೆ ನೆಲದ ತೇವ ತಗಲಿದ ಕಾಳಿಗೆ ವಾಸನೆ ಬಂದು ಮೊಳಕೆಯೂ ಹೋಗುತ್ತಿತ್ತು. ಈಗ ಶುದ್ಧ ಚೀಲದಲ್ಲಿ ತುಂಬಿ, ಹಲಗೆಯ ಮೇಲೆ, ಗೋಡೆಯಿಂದ ದೂರ ಇಡಿ. ಒಣಗಿದ ಬೇವಿನ ಎಲೆ ಬೆರೆಸಿ, ತಿಂಗಳಿಗೊಮ್ಮೆ ತೆಗೆದು ನೋಡಿ. ನುಸಿಗೆಂದು ವಿಷದ ಗುಳಿಗೆಯನ್ನು ಜನ ಮಲಗುವ ಮನೆಯಲ್ಲಿ ಎಂದಿಗೂ ಇಡಬೇಡಿ. ಅದರಿಂದ ಏಳುವ ಗಾಳಿ ಮನೆಮಂದಿಯ ಪ್ರಾಣ ತೆಗೆಯುತ್ತದೆ.

ಮುಂಬರುವ ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಹೋಗುವಾಗ ರೊಟ್ಟಿಯ ಬುಟ್ಟಿಯ ಜೊತೆ ಒಂದು ಕುರ್ಪಿ, ಬಣ್ಣದ ದಾರ, ಒಂದು ಚೀಲ ಮತ್ತು ಬರೆದುಕೊಳ್ಳಲು ಕಾಗದ ಒಯ್ಯಿರಿ. ಊಟವಾದ ಮೇಲೆ ಮನೆಯವರೆಲ್ಲ ಕುಳಿತು, ಬರುವ ವರ್ಷ ಎಷ್ಟು ಎಕರೆ ಜೋಳ ಎಂಬುದನ್ನು ಅಲ್ಲಿಯೇ ತೀರ್ಮಾನಿಸಿರಿ. ಸಂದೇಹವಿದ್ದಲ್ಲಿ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರವನ್ನು ಅಥವಾ ಕಲಬುರಗಿಯ ಕೃಷಿ ವಿಜ್ಞಾನ ಕೇಂದ್ರವನ್ನು ಕೇಳಬಹುದು.