ಬೆಳಕು ಕುಡಿಯುವ ಚಿತ್ರಗಳು

ಚಿತ್ರವೆಂದರೆ ಗೋಡೆಗೆ ತೂಗುಹಾಕಿ ನೋಡುವುದು ಎಂದುಕೊಂಡವರು ಒಮ್ಮೆ ತೊಗಲುಗೊಂಬೆಯಾಟದ ಪರದೆಯ ಮುಂದೆ ಕೂರಬೇಕು! ದೀಪ ಹಚ್ಚುವ ತನಕ ಅದು ಬರೀ ಮಂಕು ತೊಗಲು. ಹಿಂದಿನಿಂದ ಬೆಳಕು ಬಿದ್ದದ್ದೇ ತಡ, ಕೆಂಪು ನಿಗಿನಿಗಿ ಉರಿಯುತ್ತದೆ, ಹಸಿರು ಚಿಗುರುತ್ತದೆ, ಹತ್ತು ತಲೆಯ ರಾವಣ ಬಿಳಿ ಬಟ್ಟೆಯ ತುಂಬ ಎದ್ದು ನಿಲ್ಲುತ್ತಾನೆ! ಅವನನ್ನು ಕುಣಿಸುತ್ತ, ಮಾತಾಡಿಸುತ್ತ, ಹಾಡುತ್ತಲೇ ಬಾಳು ಸವೆಸಿದ ಅಜ್ಜಿ ನಮ್ಮ ನೆರೆಯವರೇ ಎಂದರೆ ನಂಬುತ್ತೀರಾ?

ಬಳ್ಳಾರಿಯಿಂದ ಹೊಸಪೇಟೆಗೆ ಬಂದು ತುಂಗಭದ್ರೆ ದಾಟಿದರೆ ಕೊಪ್ಪಳ ಸೀಮೆ. ಅಲ್ಲಿನ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ವಯಸ್ಸು 96! ಹಳ್ಳಿಹಳ್ಳಿಗೂ ರಾಮಾಯಣ, ಮಹಾಭಾರತ ಹೊತ್ತು ತಿರುಗಿದ ಆ ದನಿ ಅಮೆರಿಕ, ಇಟಲಿ, ಇರಾನ್‌ಗಳಲ್ಲೂ ಮೊಳಗಿದೆ.

ಆ ಗೊಂಬೆಗಳನ್ನು ಹತ್ತಿರದಿಂದ ನೋಡಿ. ಆಡಿನ ತೊಗಲನ್ನು ನೆನೆಹಾಕಿ, ಕೂದಲು ಹೆರೆದು, ಬಿಗಿಯಾಗಿ ಎಳೆದು ಒಣಗಿಸುತ್ತಾರೆ, ಬೆಳಕು ಹಾಯುವಷ್ಟು ತೆಳ್ಳಗೆ. ಗೆರೆ ಎಳೆದು, ಎರಡೂ ಬದಿಗೆ ಬಣ್ಣ ತುಂಬಿ, ಸಣ್ಣ ಉಳಿಯಿಂದ ಒಂದೊಂದೇ ತೂತು ಹೊಡೆಯುತ್ತಾರೆ. ಪರದೆಯ ಮೇಲೆ ಮಿನುಗುವ ಕಿರೀಟದ ಮುತ್ತು, ಕೊರಳ ಸರ, ಸೀರೆಯ ಅಂಚಿನ ಚುಕ್ಕಿ ಬಣ್ಣದವಲ್ಲ, ಆ ತೂತುಗಳಿಂದ ನುಗ್ಗಿದ ಬೆಳಕಿನವು! ದೇವರು, ಅರಸರ ಗೊಂಬೆ ದೊಡ್ಡವು, ಸಾಮಾನ್ಯರವು ಚಿಕ್ಕವು. ಕೆಲವು ತೊಗಲಲ್ಲಿ ಮರ, ತೇರು, ಜನ ಸಮೇತ ಇಡೀ ಸನ್ನಿವೇಶವೇ ಇರುತ್ತದೆ.

ಬೆರಗು ಇನ್ನೂ ಇದೆ. ಈ ಆಟ ಆಡಿಸುವ ಶಿಳ್ಳೇಕ್ಯಾತ ಸಮುದಾಯದವರ ಮನೆಮಾತು ಮರಾಠಿಯ ಒಂದು ಬಗೆ, ಪರದೆಯ ಹಿಂದೆ ಮಾತ್ರ ತುಂಬು ಕನ್ನಡ! ಗಡಿಯಾಚೆ ಆಂಧ್ರದಲ್ಲಿ ಇದೇ ಬಳಗದವರು ತೆಲುಗಿನಲ್ಲಿ ಆಡಿಸುತ್ತಾರೆ. ಮಳೆ ಕೈಕೊಟ್ಟ ವರ್ಷ ಊರವರು ಶಿಳ್ಳೇಕ್ಯಾತರನ್ನೇ ಕರೆಸಿ, ಮಳೆ ಬರಲೆಂದು ಆಟ ಕಟ್ಟಿಸುತ್ತಿದ್ದರು. ನಮ್ಮ ಬಳ್ಳಾರಿಯ ತೊಗಲುಗೊಂಬೆ ಕಲಾವಿದ ಬೆಳಗಲ್ಲು ವೀರಣ್ಣನವರಂತೂ ಪುರಾಣ ಕುಣಿದ ಪರದೆಗೆ ಸ್ವಾತಂತ್ರ್ಯ ಹೋರಾಟವನ್ನೇ ತಂದರು!

ಹೆಣ್ಣಿನ ಪಾಲು ಇಲ್ಲಿ ಎಷ್ಟು ದೊಡ್ಡದು ಎಂಬುದು ಮುಂದೆ ಕೂತವರಿಗೆ ಕಾಣುವುದೇ ಇಲ್ಲ. ಹಾಡು ಅವಳದು, ಸೀತೆಯ ಅಳು ಅವಳದು, ಮಂಡೋದರಿಯ ಬುದ್ಧಿಮಾತೂ ಅವಳದೇ. ಪರದೆಯ ಮರೆಯಲ್ಲಿದ್ದ ಆ ಕಲೆಗೆ ಭೀಮವ್ವನ ರೂಪದಲ್ಲಿ ಹೆಸರು, ಮುಖ ಎರಡೂ ಸಿಕ್ಕಿವೆ. ಮೇಳ ನಿಮ್ಮೂರಿಗೆ ಬಂದರೆ ಮಕ್ಕಳನ್ನು ಕರೆದೊಯ್ಯಿರಿ. ಅರ್ಧ ಆಟ ಮುಂದೆ ಕೂತು ನೋಡಿ, ಉಳಿದರ್ಧವನ್ನು ಮೇಳದವರ ಅಪ್ಪಣೆ ಕೇಳಿ ಹಿಂದೆ ನಿಂತು ನೋಡಿ. ದೊಡ್ಡ ಅಚ್ಚರಿ ಇರುವುದೇ ಅಲ್ಲಿ!